ಕಟ್ಟಡ ಎದ್ದಿತು, ಮೇಷ್ಟ್ರು ಎಲ್ಲಿ?

ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದ ಕಡೆ ಹೊರಟರೆ ಆರೂರಿನ ಬಳಿ ಸರ್ಕಾರಿ ವೈದ್ಯಕೀಯ ಕಾಲೇಜು ಸಿಗುತ್ತದೆ. ಈ ಬರದ ಸೀಮೆಗೆ ಇಂಥ ಸಂಸ್ಥೆ ಬಂದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಂದ ದಾರಿ? ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ವೈದ್ಯಕೀಯ ಕಾಲೇಜನ್ನು ಕನಕಪುರಕ್ಕೆ ಕೊಟ್ಟಿತ್ತು. ಆ ಸರ್ಕಾರ ಬಿದ್ದ ಮೇಲೆ, 2019ರಲ್ಲೇ, ಯಡಿಯೂರಪ್ಪ ಸರ್ಕಾರ ಅದನ್ನು ಚಿಕ್ಕಬಳ್ಳಾಪುರಕ್ಕೆ ತಂದಿತು. ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಸಿಡಿದೆದ್ದರು. ಪೆರೇಸಂದ್ರದವರೇ ಆದ ಡಾ. ಕೆ. ಸುಧಾಕರ್ ಚಿಕ್ಕಬಳ್ಳಾಪುರದ ಡಿಸೆಂಬರ್ ಉಪಚುನಾವಣೆಯಲ್ಲಿ ಗೆದ್ದು, ಮುಂದೆ ವೈದ್ಯಕೀಯ ಶಿಕ್ಷಣ ಸಚಿವರಾದರು. 2023ರಲ್ಲಿ ಸರ್ಕಾರ ಮತ್ತೆ ಬದಲಾಯಿತು, ಕನಕಪುರದ ಕಾಲೇಜಿಗೆ ಮತ್ತೆ ಜೀವ ಬಂತು. ಕಾಲೇಜು ಎಲ್ಲಿ ಬೇಕು ಎಂಬ ಲೆಕ್ಕಕ್ಕಿಂತ ಯಾರ ಕ್ಷೇತ್ರಕ್ಕೆ ಎಂಬ ಲೆಕ್ಕವೇ ಮೇಲಾಯಿತು.

ವಿಶ್ವವಿದ್ಯಾಲಯಗಳ ಕಥೆ ಇನ್ನೂ ಬೇಸರದ್ದು. 2022ರ ಬಜೆಟ್ಟಿನಲ್ಲಿ ಏಳು ಹೊಸ ವಿಶ್ವವಿದ್ಯಾಲಯ ಘೋಷಿಸಿ ತಲಾ 2 ಕೋಟಿ ರೂಪಾಯಿ ಕೊಟ್ಟರು. ಆ ದುಡ್ಡಿನಲ್ಲಿ ವಿಶ್ವವಿದ್ಯಾಲಯ ಕಟ್ಟುವುದಿರಲಿ, ಒಂದು ವಿಭಾಗವನ್ನು ನೆಟ್ಟಗೆ ನಡೆಸುವುದೂ ಕಷ್ಟ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹಣವಿಲ್ಲವೆಂದು, ಇವುಗಳಲ್ಲಿ ಹಲವೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಹುಟ್ಟಿಸಿದವರು ಅನ್ನ ಇಡಲಿಲ್ಲ, ಬಂದವರು ಬಾಗಿಲು ಹಾಕಲು ಹೊರಟರು. ಇಬ್ಬರದೂ ತಪ್ಪೇ.

ಹಣ ನಿಜಕ್ಕೂ ಇಲ್ಲವೇ? ರಾಜ್ಯ ಬಜೆಟ್ ಒಂದೇ ವರ್ಷದಲ್ಲಿ 3.71 ಲಕ್ಷ ಕೋಟಿಯಿಂದ 4.09 ಲಕ್ಷ ಕೋಟಿಗೆ ಏರಿತು. ಶಾಲೆ, ಕಾಲೇಜು ಎಲ್ಲ ಸೇರಿ ಶಿಕ್ಷಣಕ್ಕೆ 2024–25ರಲ್ಲಿ ಇಟ್ಟದ್ದು 44,422 ಕೋಟಿ; 2025–26ರಲ್ಲಿ 45,286 ಕೋಟಿ. ಒಟ್ಟು ಬಜೆಟ್ ಶೇ 10ರಷ್ಟು ಬೆಳೆದರೆ ಶಿಕ್ಷಣದ ಅನುದಾನ ಬೆಳೆದದ್ದು ಶೇ 2ಕ್ಕೂ ಕಡಿಮೆ. ಬೆಲೆಯೇರಿಕೆ ಕಳೆದರೆ ಇದು ಇಳಿಕೆಯೇ.

ಇದರ ಪೆಟ್ಟು ಬೀಳುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೇಲೆ. ರಾಜ್ಯದಲ್ಲಿ ಈ ಕಾಲೇಜುಗಳನ್ನು ಎತ್ತಿ ಹಿಡಿದಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ವಾರಕ್ಕೆ 15 ಗಂಟೆ ಪಾಠ, ಸೆಮಿಸ್ಟರ್ ನಡುವಿನ ರಜೆಗೆ ಸಂಬಳವಿಲ್ಲ, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಸೆಮಿಸ್ಟರ್ ಶುರುವಾಗಿ ವಾರಗಳಾದರೂ ಆಯ್ಕೆ ಪಟ್ಟಿ ಬರುವುದಿಲ್ಲ. ಬಂದಾಗ ಒಂದೊಂದು ಘಟಕವನ್ನು ಎರಡು ತರಗತಿಯಲ್ಲಿ ಓಡಿಸಬೇಕು. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಕಾಯಂ ಹುದ್ದೆಗಳ ಕಥೆಯೂ ಇದೇ: 2021ರಲ್ಲಿ ಕರೆದ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿ ವರ್ಷಗಟ್ಟಲೆ ಎಳೆಯಿತು.

ಪೆರೇಸಂದ್ರದ ಅಥವಾ ಮಂಡಿಕಲ್ಲಿನ ಹುಡುಗಿ ಇಂದು ಶಕ್ತಿ ಯೋಜನೆಯ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜಿಗೆ ಪುಕ್ಕಟೆ ಹೋಗಬಹುದು. ಅದು ದೊಡ್ಡ ಕೆಲಸ. ಮನೆಯಲ್ಲೇ ಉಳಿಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ದಾರಿ ತೆರೆದಿದೆ. ಆಕೆಯನ್ನು ಕಾಲೇಜಿನ ಗೇಟಿನವರೆಗೆ ಮುಟ್ಟಿಸಿದ ಸರ್ಕಾರ ತರಗತಿಯಲ್ಲಿ ಕಾಯಂ ಮೇಷ್ಟ್ರನ್ನೂ ಕೊಡಬೇಕಲ್ಲವೇ?

ಮುಂದಿನ ಬಜೆಟ್ ಬರುವ ಹೊತ್ತಿಗೆ ಜಿಲ್ಲೆಯ ಐವರು ಶಾಸಕರೂ ಹೊಸ ಕಾಲೇಜು ಕೇಳುವುದನ್ನು ನಿಲ್ಲಿಸಲಿ. ಇರುವ ಕಾಲೇಜುಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂದು ಸದನದಲ್ಲಿ ಕೇಳಲಿ. ಮತದಾರರಾದ ನಾವು ಅವರನ್ನು ಕೇಳೋಣ.