ವಿದೂಷಕ ಎಲ್ಲಿ ಹೋದ?

ನಮ್ಮ ಸಂಘದ ವಾಚನ ಬಳಗದಲ್ಲಿ ಈಚೆಗೆ ಮಾಸ್ತಿಯವರ ‘ಲಿಯರ್ ಮಹಾರಾಜ’ವನ್ನು ಎರಡು ಭಾನುವಾರ ಕೂತು ಓದಿದೆವು. ವಿದೂಷಕನ ಮಾತುಗಳನ್ನು ಓದುತ್ತಿದ್ದ ಮಿತ್ರರು ಮೂರನೆಯ ಅಂಕದ ಆರನೆಯ ದೃಶ್ಯ ಮುಗಿದೊಡನೆ ಪುಸ್ತಕ ಮಡಿಸಿ, “ನನ್ನದು ಮುಗಿಯಿತಲ್ಲ, ಬಸ್ಸು ಹಿಡಿಯಲೇ?” ಎಂದರು. ಎಲ್ಲರೂ ನಕ್ಕೆವು. ಆಮೇಲೆ ಹಿರಿಯರೊಬ್ಬರು, “ಅದಿರಲಿ, ಆ ವಿದೂಷಕ ಏನಾದ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ನಮ್ಮಂಥ ಗುಮಾಸ್ತರಿಗೆ ಇದು ಕಾಡುವ ಪ್ರಶ್ನೆ. ಆವಕ ಪುಸ್ತಕದಲ್ಲಿ ನಂಬರು ಇದೆ, ಜಾವಕ ಪುಸ್ತಕದಲ್ಲಿ ಇಲ್ಲ. ಕಿರಿಯ ರಾಜಕುಮಾರಿ ಕಾರ್ಡೀಲಿಯಾ ಫ್ರಾನ್ಸಿಗೆ ಹೋದಂದಿನಿಂದ ಅವನು ಕೊರಗಿ ಸೊರಗಿದ್ದಾನೆ ಎಂದು ಮೊದಲ ಅಂಕದಲ್ಲೇ ತಿಳಿಯುತ್ತದೆ. ಬಿರುಗಾಳಿಯಲ್ಲಿ ನಡುಗುತ್ತಾ ದೊರೆಯ ಬೆನ್ನು ಬಿಡದವನು ಅವನು. ಅಂಥವನು ಅರ್ಧ ನಾಟಕದಲ್ಲೇ ಮಾಯವಾಗುತ್ತಾನೆ.

ಅವನ ನಿರ್ಗಮನವೂ ಎರಡು ಬಗೆ. 1608ರ ಮುದ್ರಣದಲ್ಲಿ, ಮಲಗಿದ ದೊರೆಯನ್ನು ಹೊರಲು ಕೈಕೊಡು, ನೀನು ಹಿಂದೆ ಉಳಿಯಬೇಡ ಎಂದು ಕೆಂಟ್ ಅವನಿಗೆ ಹೇಳುತ್ತಾನೆ. 1623ರ ಮುದ್ರಣದಲ್ಲಿ ಆ ಅಪ್ಪಣೆ ಇಲ್ಲ. ಬದಲಿಗೆ, ನಡುಮಧ್ಯಾಹ್ನವೇ ಮಲಗಲು ಹೋಗುತ್ತೇನೆಂಬ ಅರ್ಥದ ಮಾತೊಂದನ್ನು ಅವನೇ ಆಡುತ್ತಾನೆ. ಒಂದರಲ್ಲಿ ಕರ್ತವ್ಯ, ಇನ್ನೊಂದರಲ್ಲಿ ವಿದಾಯ. ಸಾವು ಎರಡರಲ್ಲೂ ಇಲ್ಲ.

ಈ ತೆರಪನ್ನು ತುಂಬಲು ಹಲವರು ಕೈಹಾಕಿದ್ದಾರೆ. 1681ರಲ್ಲಿ ನಾಟಕವನ್ನು ತಿದ್ದಿದ ನೇಹಮ್ ಟೇಟ್ ವಿದೂಷಕನನ್ನೇ ಕಿತ್ತುಹಾಕಿದ. 1838ರಲ್ಲಿ ಮೆಕ್ರೀಡಿ ಅವನನ್ನು ರಂಗಕ್ಕೆ ಮರಳಿ ತಂದ. ಕೊಜಿಂತ್ಸೆವ್ ಅವರ 1971ರ ರಷ್ಯನ್ ಚಿತ್ರದಲ್ಲಿ ಅವನು ಬದುಕಿ ಉಳಿದು, ಸುಟ್ಟ ಊರಿನ ನಡುವೆ ಕೊಳಲೂದುತ್ತಾನೆ. ಏಡ್ರಿಯನ್ ನೋಬಲ್ ಅವರ 1982ರ ಪ್ರಯೋಗದಲ್ಲಿ ಲಿಯರನೇ ಹುಚ್ಚಿನ ಭರದಲ್ಲಿ ಅವನನ್ನು ಇರಿದುಬಿಡುತ್ತಾನೆ.

ಊಹಿಸುವುದು ತಪ್ಪಲ್ಲ. ನಾವೂ ಊಹಿಸಿದ್ದೇವೆ. ಡೋವರಿಗೆ ಹೋಗುವ ದಾರಿ. ಡೋಲಿಯ ಒಂದು ಕೊನೆಗೆ ವಿದೂಷಕನ ಹೆಗಲು. ಮಳೆಯಲ್ಲಿ ನೆನೆದ ಮೈಗೆ ಜ್ವರ ಏರಿದೆ. ಯಾವುದೋ ಕೊಟ್ಟಿಗೆಯ ಹುಲ್ಲಿನ ಮೇಲೆ ಅವನನ್ನು ಬಿಟ್ಟು ಡೋಲಿ ಮುಂದೆ ಸಾಗುತ್ತದೆ. ಶತ್ರುಗಳು ಬೆನ್ನಟ್ಟಿರುವಾಗ ನಿಲ್ಲುವಂತಿಲ್ಲ, ತಪ್ಪು ಯಾರದೂ ಅಲ್ಲ. ಅವನು ಯಾರಿಗಾಗಿ ಸೊರಗಿದನೋ ಆ ಕಾರ್ಡೀಲಿಯಾ ಮರಳಿ ಬಂದಿದ್ದಾಳೆ. ಅವನು ಅವಳನ್ನು ಕಾಣಲಿಲ್ಲ.

ಆದರೆ ಇದನ್ನು ರಂಗದ ಮೇಲೆ ತೋರಿಸಕೂಡದು ಎಂಬುದು ನಮ್ಮ ಅಭಿಪ್ರಾಯ. ಕೊನೆಯ ದೃಶ್ಯದಲ್ಲಿ, ಸೆರೆಮನೆಯಲ್ಲಿ ನೇಣಿಗೆ ಬಲಿಯಾದ ಮಗಳ ಹೆಣವನ್ನು ಇಟ್ಟುಕೊಂಡು ಲಿಯರ್, ನನ್ನ ಬಡ ‘ಫೂಲ್’ ನೇಣಿಗೆ ಹೋಯಿತು ಎಂಬರ್ಥದ ಮಾತು ಆಡುತ್ತಾನೆ. ಆ ಕಾಲದ ಇಂಗ್ಲಿಷಿನಲ್ಲಿ ಅದು ಮುದ್ದಿನ ಮಾತೂ ಹೌದು, ನಮ್ಮ ತಾಯಂದಿರು ಮಗಳನ್ನು ‘ಪೆದ್ದು’ ಎಂದಂತೆ. ಆದ್ದರಿಂದ ಅದು ಮಗಳಿಗೇ ಸಲ್ಲುತ್ತದೆ ಎನ್ನುವವರೇ ಹೆಚ್ಚು. ಆದರೂ ಆ ಪದ ಕಿವಿಗೆ ಬಿದ್ದಾಗ ವಿದೂಷಕ ನೆನಪಾಗದೆ ಇರುವುದಿಲ್ಲ. ಡೋವರಿನಲ್ಲಿ ಲಿಯರ್ ಅವನನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಈಗ ಒಂದೇ ಪದದಲ್ಲಿ, ತಿಳಿದೋ ತಿಳಿಯದೆಯೋ, ಇಬ್ಬರನ್ನೂ ಕರೆದುಬಿಡುತ್ತಾನೆ. ನೋಬಲ್ ಅವರಂತೆ ಮೊದಲೇ ಇರಿದು ಕೊಂದರೆ ಈ ಮಾತು ಮಗಳೊಬ್ಬಳದೇ ಆಗುತ್ತದೆ. ಅವನ ಕೊನೆ ನಮಗೆ ತಿಳಿಯದಿರುವುದರಿಂದಲೇ ಅದು ಇಬ್ಬರಿಗೂ ತಾಗುತ್ತದೆ.

ಕನ್ನಡಕ್ಕೆ ತರುವವರಿಗೆ ಇಲ್ಲೊಂದು ತೊಡಕು. ನಮ್ಮ ಕ್ರಿಯಾಪದ ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತದೆ. ‘ಪೆದ್ದು ಕೂಸು’ ಎಂದರೆ ಬಾಗಿಲು ಸ್ವಲ್ಪ ತೆರೆದಿದ್ದೀತು. ಬಲ್ಲವರು ಇನ್ನೂ ಒಳ್ಳೆಯ ಪದ ಹುಡುಕಲಿ.

ಮುಂದೆ ಈ ನಾಟಕವನ್ನು ಆಡುವ ಸಂದರ್ಭ ಬಂದರೆ, ವಿದೂಷಕನ ಪಾತ್ರಧಾರಿಗೆ ನಮ್ಮದೊಂದು ಕೋರಿಕೆ: ನಿಮ್ಮ ಮಾತು ಮುಗಿದರೂ ಬಸ್ಸು ಹಿಡಿಯಬೇಡಿ. ಕೊನೆಯ ದೃಶ್ಯದವರೆಗೆ ತೆರೆಯ ಹಿಂದೆ ನಿಂತಿರಿ. ದೊರೆ ನಿಮ್ಮನ್ನೊಮ್ಮೆ ನೆನೆಯುತ್ತಾನೆ.