ಸತ್ತಿಲ್ಲ, ಎಲ್ಲೋ ನಿಂತಿದೆ

“ಅಂಕಲ್, ಕಂಪ್ಯೂಟರ್ ಆನ್ ಆಗ್ತಿಲ್ಲ” ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಎಷ್ಟು ಆಗ್ತಿಲ್ಲ ಅಂತ. ಗುಂಡಿ ಒತ್ತಿದರೆ ಏನೂ ಇಲ್ಲವೋ? ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತೋ? ಅಥವಾ ಒಳಗೆ ಬಣ್ಣದ ದೀಪಗಳೆಲ್ಲ ಕುಣಿಯುತ್ತಿವೆ, ಮಾನಿಟರ್ ಮಾತ್ರ ಕಪ್ಪೋ? ಈ ಮೂರರಲ್ಲಿ ಯಾವುದು ಎಂದು ಹೇಳದೆ ಮದರ್‌ಬೋರ್ಡನ್ನು ಡಬ್ಬಕ್ಕೆ ತುಂಬಿ ಬೆಂಗಳೂರಿನ ಎಸ್‌ಪಿ ರೋಡಿಗೆ ಓಡುವವರೇ ಜಾಸ್ತಿ. ಅಲ್ಲಿ ಕೌಂಟರಿನವನು ಅದನ್ನು ತಿರುಗಿಸಿಯೂ ನೋಡದೆ “ಬೋರ್ಡ್ ಹೋಗಿದೆ ಸಾರ್” ಎಂದರೆ ಆಶ್ಚರ್ಯವಿಲ್ಲ.

ಕಂಪ್ಯೂಟರ್ ಒಂದೇ ಏಟಿಗೆ ಶುರುವಾಗುವ ಯಂತ್ರವಲ್ಲ, ಮೆಟ್ಟಿಲು ಹತ್ತಿಕೊಂಡು ಬರುತ್ತದೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಪದ್ಧತಿ ತಂದಂದಿನಿಂದ ಕ್ಯಾಬಿನೆಟ್ಟಿನ ಗುಂಡಿ ಕರೆಂಟನ್ನು ತಾನೇ ಕೂಡಿಸುವುದಿಲ್ಲ. ಬೋರ್ಡಿಗೆ ಒಂದು ಸೂಚನೆ ಕೊಡುತ್ತದೆ, ಅಷ್ಟೆ. ಗೋಡೆಯ ಸ್ವಿಚ್ ಹಾಕಿದಾಗಲೇ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ನೇರಳೆ ತಂತಿಯಲ್ಲಿ 5 ವೋಲ್ಟ್ ಕಳಿಸಿ ಬೋರ್ಡನ್ನು ಅರೆನಿದ್ದೆಯಲ್ಲಿ ಇಟ್ಟಿರುತ್ತದೆ. ಗುಂಡಿ ಒತ್ತಿದಾಗ ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ಆಗ 12 ವೋಲ್ಟ್ ಹರಿಯಲು ಶುರು. ಎಲ್ಲ ವೋಲ್ಟೇಜೂ ನೆಟ್ಟಗಾಯಿತೆಂದು ಅರ್ಧ ಸೆಕೆಂಡಿನೊಳಗೆ ಬೂದು ತಂತಿಯಲ್ಲಿ ಒಪ್ಪಿಗೆ ಬರುತ್ತದೆ. ಅದು ಬಂದ ಮೇಲಷ್ಟೇ ಪ್ರೊಸೆಸರ್ ಹೊರಡುವುದು. ಆಮೇಲೆ ಬಯೋಸ್, ರ್‍ಯಾಮ್, ಗ್ರಾಫಿಕ್ಸ್, ಕೊನೆಗೆ ಡಿಸ್ಕು. (ಈಗಿನ ಕೇಬಲ್ಲುಗಳು ಹೆಚ್ಚಾಗಿ ಬರೀ ಕಪ್ಪು. ಬಣ್ಣ ನೋಡಿ ತಂತಿ ಗುರುತಿಸುವ ಸುಖ ಹೋಯಿತು. 24 ಪಿನ್ನಿನಲ್ಲಿ 16ನೆಯದು ಹಸಿರಿನದು ಎಂದು ಎಣಿಸಬೇಕು.) ಎಲ್ಲಿಯವರೆಗೆ ಬಂದು ನಿಂತಿತು ಎಂದು ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಮ್ಮಿ.

ಪೂರ್ತಿ ನಿಶ್ಶಬ್ದವಾಗಿದ್ದರೆ ಸಂತೋಷಪಡಿ, ಬಹಳ ಸಲ ಅದು ಸುಲಭದ್ದು. ಎಸ್‌ಎಂಪಿಎಸ್ ಬೆನ್ನಿನ ಸಣ್ಣ ಸ್ವಿಚ್ ಸೊನ್ನೆಯ ಕಡೆ ಬಿದ್ದಿರುತ್ತದೆ. 24 ಪಿನ್ನಿನ ಪ್ಲಗ್ಗು ಕೂತಂತೆ ಕಂಡರೂ ಕೊಂಡಿ ಕಚ್ಚಿರುವುದಿಲ್ಲ. ಅದಲ್ಲದಿದ್ದರೆ ಬೋರ್ಡಿನ ಮೂಲೆಯಲ್ಲಿ ಕ್ಯಾಬಿನೆಟ್ಟಿನ ಗುಂಡಿಯಿಂದ ಬರುವ ಸಣ್ಣ ತಂತಿಯದು ಪಿನ್ ತಪ್ಪಿರಬಹುದು. ಆ ತಂತಿ ಕಿತ್ತು, ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ ಪವರ್ ಸ್ವಿಚ್ ಎಂದು ತೋರಿಸಿದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒಮ್ಮೆ ತಾಗಿಸಿ ತೆಗೆಯಿರಿ. ಎದ್ದರೆ ಬೋರ್ಡು ನಿರಪರಾಧಿ.

ಒಂದು ಕ್ಷಣ ತಿರುಗಿ ನಿಲ್ಲುವುದೆಂದರೆ ಹೆಚ್ಚಾಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ ಎಂದರ್ಥ. ಎಲ್ಲೋ ಶಾರ್ಟ್ ಆಗಿದೆ. ಬೋರ್ಡಿನ ಕೆಳಗೆ ನಿಲ್ಲಿಸುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳಲ್ಲಿ ಒಂದು ಬೇಡದ ತೂತಿನಲ್ಲಿ ನಿಂತು ಬೋರ್ಡಿನ ಬೆನ್ನಿಗೆ ತಾಗುತ್ತಿರುತ್ತದೆ, ಇಲ್ಲವೇ ಬಿದ್ದುಹೋದ ಸ್ಕ್ರೂ ಒಂದು ಹಿಂದೆ ಅಡಗಿರುತ್ತದೆ.

ನಿಜವಾದ ರುಚಿ ಇರುವುದು ಮೂರನೆಯದರಲ್ಲಿ. ಫ್ಯಾನು ಸುತ್ತುತ್ತದೆ, ದೀಪ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಇಲ್ಲ. ಫ್ಯಾನು ತಿರುಗಿದರೆ ಎಲ್ಲ ಸರಿಯಿದೆ ಎಂದು ನಂಬುವುದು ದಡ್ಡತನ. ಪ್ರೊಸೆಸರಿಗೆಂದೇ ಬೋರ್ಡಿನ ಮೇಲ್ಮೂಲೆಯಲ್ಲಿ ಬೇರೆ 8 ಪಿನ್ನಿನ ಪ್ಲಗ್ಗಿದೆ. ಅದನ್ನು ಮರೆತರೂ ಫ್ಯಾನು ತಿರುಗುತ್ತದೆ, ಪ್ರೊಸೆಸರ್ ಮಲಗಿಯೇ ಇರುತ್ತದೆ. ಎಷ್ಟೋ ಗ್ರಾಫಿಕ್ಸ್ ಕಾರ್ಡುಗಳದೂ 8 ಪಿನ್ನೇ, ಆದರೆ ಅದು ಆರು ಮತ್ತು ಎರಡಾಗಿ ಒಡೆಯುತ್ತದೆ. ಪ್ರೊಸೆಸರಿನದು ನಾಲ್ಕು ಮತ್ತು ನಾಲ್ಕು. ಬಲ ಹಾಕಿ ತುರುಕಬೇಕಾಗಿ ಬಂದರೆ ಕೈ ಹಿಂದೆ ತೆಗೆಯಿರಿ. ಹಳೆಯ ಎಸ್‌ಎಂಪಿಎಸ್‌ನ ಬಿಡಿ ಕೇಬಲ್ಲನ್ನು ಹೊಸದಕ್ಕೆ ಚುಚ್ಚುವ ಜಿಪುಣತನವಂತೂ ಬೇಡವೇ ಬೇಡ. ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲರೂ ಪಾಲಿಸುವ ನಿಯಮ ಎಂಬುದಿಲ್ಲ. ಪ್ಲಗ್ಗು ಕೂರುತ್ತದೆ, ವೋಲ್ಟೇಜು ತಪ್ಪಿ ಡಿಸ್ಕು ಸುಟ್ಟುಹೋಗುತ್ತದೆ.

ರ್‍ಯಾಮ್ ಎರಡಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೆಯ ಸ್ಲಾಟು. ಇದು ಬಹುತೇಕ ಎಲ್ಲ ಬೋರ್ಡುಗಳ ಮಾತು. ಒತ್ತುವಾಗ ಬೋರ್ಡು ಬಾಗುತ್ತದೆಂದು ಹೆದರಿ ಅರ್ಧ ಒತ್ತಿ ಬಿಡುವವರು ಬಹಳ. 2022ರಲ್ಲಿ ಬಂದ ಎಎಂ5 ಬೋರ್ಡು, ಡಿಡಿಆರ್5 ರ್‍ಯಾಮ್ ಇದ್ದರಂತೂ ಇನ್ನೊಂದು ಪರೀಕ್ಷೆ ಕಾದಿದೆ, ಅದು ನಿಮ್ಮ ತಾಳ್ಮೆಯದು. ಮೊದಲ ಸಲ ಬೋರ್ಡು ರ್‍ಯಾಮಿನ ವೇಗವನ್ನು ತಾನೇ ಅಳೆದು ಹೊಂದಿಸಿಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪು, ರ್‍ಯಾಮಿನ ತಪ್ಪು ತೋರಿಸುವ ದೀಪ ಹತ್ತಿಯೇ ಇರುತ್ತದೆ. ಕೆಲವೊಮ್ಮೆ ನಿಮಿಷಗಟ್ಟಲೆ. ಗಾಬರಿಯಾಗಿ ಆಫ್ ಮಾಡಿದರೆ ಅದು ಮತ್ತೆ ಮೊದಲಿನಿಂದ ಅಳೆಯಬೇಕು. ಹೋಗಿ ಕಾಫಿ ಕುಡಿದು ಬನ್ನಿ.

ಮಾನಿಟರಿನ ಕೇಬಲ್ಲನ್ನು ಬೋರ್ಡಿಗೆ ಚುಚ್ಚಿದ್ದೀರೋ, ಗ್ರಾಫಿಕ್ಸ್ ಕಾರ್ಡಿಗೋ? ಐ5-12400ಎಫ್‌ನಂತೆ ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇಲ್ಲ. ರೈಜನ್ 5600ರಲ್ಲೂ ಇಲ್ಲ. ಬೋರ್ಡಿನ ಎಚ್‌ಡಿಎಂಐ ತೂತು ಅಲ್ಲಿ ಬರೀ ಅಲಂಕಾರಕ್ಕೆ.

ಇದೆಲ್ಲ ಸರಿಯಿದ್ದರೆ ಬಯೋಸ್ ನೋಡಬೇಕು. ಸಾಕೆಟ್ ಒಂದೇ ಆದ ಮಾತ್ರಕ್ಕೆ ಬೋರ್ಡಿಗೆ ಪ್ರೊಸೆಸರಿನ ಪರಿಚಯ ಇರಲೇಬೇಕೆಂದಿಲ್ಲ. 2018ರಲ್ಲಿ ಬಂದ ಬಿ450 ಬೋರ್ಡಿನಲ್ಲಿ ಹಳೆಯ ಬಯೋಸೇ ಉಳಿದಿದ್ದರೆ 2020ರ ರೈಜನ್ 5000 ಅದಕ್ಕೆ ಅಪರಿಚಿತ. ಬಯೋಸ್ ಬದಲಿಸಲು ಬೋರ್ಡು ಏಳಬೇಕು, ಏಳಲು ಬಯೋಸ್ ಬದಲಾಗಬೇಕು. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು. 2018ರಲ್ಲೇ ಇಂಥದೊಂದು ಗೋಜಲು ಬಂದಾಗ ಎಎಂಡಿ ಗಿರಾಕಿಗಳಿಗೆ ಬೇರೊಂದು ಪ್ರೊಸೆಸರನ್ನು ಕೈಗಡ ಕೊಟ್ಟು ಕಳಿಸುತ್ತಿತ್ತು. ಈಗ ಎಷ್ಟೋ ಬೋರ್ಡುಗಳ ಹಿಂದೆ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆ: ಪೆನ್‌ಡ್ರೈವಿನಲ್ಲಿ ಫೈಲ್ ಹಾಕಿ ಚುಚ್ಚಿ ಗುಂಡಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬದಲಾಗುತ್ತದೆ. ಬೋರ್ಡು ಕೊಳ್ಳುವಾಗ ನಾನು ಮೊದಲು ಹುಡುಕುವುದು ಈ ಗುಂಡಿಯನ್ನೇ. ಮಿನುಗುವ ದೀಪದ ಕನೆಕ್ಟರುಗಳನ್ನು ಧಾರಾಳವಾಗಿ ಕೊಟ್ಟು, ಎಲ್ಲಿ ತಪ್ಪಿದೆ ಎಂದು ತೋರಿಸುವ ನಾಲ್ಕು ಪುಟ್ಟ ದೀಪಗಳಿಗೆ ಲೋಭ ಮಾಡುವ ತಯಾರಕರ ಮೇಲೆ ನನಗೆ ಗೌರವವಿಲ್ಲ. 1981ರ ಐಬಿಎಂ ಪಿಸಿ ಪಾಪ, ಎಲ್ಲ ಸರಿಯಿದ್ದರೆ ಒಂದು ಸಲ ಚುಟುಕಾಗಿ ಬೀಪ್ ಅನ್ನುತ್ತಿತ್ತು, ಗ್ರಾಫಿಕ್ಸ್ ಕೆಟ್ಟರೆ ಒಂದು ಉದ್ದ ಎರಡು ಚುಟುಕು. ಅಂಥ ಬೀಪ್ ಸ್ಪೀಕರ್ ಈಗಲೂ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಅದಕ್ಕೆ ಪಿನ್ ಇರುವ ಬೋರ್ಡಾದರೆ ಹಾಕಿಡಿ.

ಯಾವುದೂ ಹೊಳೆಯದಿದ್ದಾಗ ಜನ ಭಾಗ ಬದಲಿಸಲು ಶುರುಮಾಡುತ್ತಾರೆ. ನಾನು ತೆಗೆಯುವ ಪಂಗಡದವನು. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಬಿಡಿಸಿ ಅದರ ರಟ್ಟಿನ ಡಬ್ಬದ ಮೇಲೆ ಇಡಿ. ಅದು ಬಂದ ಹೊಳೆಯುವ ಚೀಲದ ಮೇಲೆ ಬೇಡ, ಆ ಚೀಲದ ಮೈಯಲ್ಲಿ ಕರೆಂಟ್ ಹರಿಯಬಲ್ಲದು. ಪ್ರೊಸೆಸರ್, ಕೂಲರ್, ಒಂದೇ ಒಂದು ರ್‍ಯಾಮ್, ಎಸ್‌ಎಂಪಿಎಸ್, ಸಾಕು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡೂ ಬೇಡ. ಎದ್ದರೆ ಒಂದೊಂದಾಗಿ ಸೇರಿಸುತ್ತ ಬನ್ನಿ. ಏಳದಿದ್ದರೆ ಪ್ಲಗ್ ಕಿತ್ತು ಸಿಆರ್2032 ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟು ಮತ್ತೆ ನೋಡಿ. ಎಸ್‌ಎಂಪಿಎಸ್ ಒಂದನ್ನೇ ಹಸಿರು–ಕಪ್ಪು ಕೂಡಿಸಿ ಎಬ್ಬಿಸಬಹುದು ನಿಜ. ಅದು ಎದ್ದಿತೆಂದು ಗೊತ್ತಾಗುತ್ತದೆಯೇ ಹೊರತು ಭಾರ ಹೊರಬಲ್ಲದೆಂದು ಗೊತ್ತಾಗುವುದಿಲ್ಲ. ಅದರ ಹೊಟ್ಟೆ ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟು ಒಳಗಿನ ಕೆಪ್ಯಾಸಿಟರಿನಲ್ಲಿ 300 ದಾಟಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ.

ಇಷ್ಟಾದ ಮೇಲೂ ಹಠ ಹಿಡಿದರೆ ಪ್ರೊಸೆಸರ್ ಎತ್ತಿ ಸಾಕೆಟ್ಟಿನೊಳಗೆ ಟಾರ್ಚ್ ಬಿಡಿ. ಎಲ್‌ಜಿಎ1700ರಲ್ಲಿ 1700 ಪಿನ್ನುಗಳಿವೆ. ಓರೆಯಾಗಿ ನೋಡಿದರೆ ಸಾಲು ತಪ್ಪಿದ್ದು ಕಾಣುತ್ತದೆ. ಕೂಡಲೇ ಫೋಟೊ ತೆಗೆದುಕೊಳ್ಳಿ, ಯಾಕೆಂದರೆ ಬಗ್ಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಇಲ್ಲ, ಬಗ್ಗಿಸಿದ್ದು ಯಾರು ಎಂಬ ಜಗಳ ಅಲ್ಲಿಂದಲೇ ಶುರು. ಮೊದಲ ದಿನ ಹಾರಿಬಿದ್ದ ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಕಸಕ್ಕೆ ಹಾಕಿದ್ದರೆ ಕಸದ ಡಬ್ಬದಲ್ಲಿ ಹುಡುಕಿ ತನ್ನಿ. ಅದಿಲ್ಲದ ಬೋರ್ಡನ್ನು ಬದಲಿಸಿಕೊಡಲು ಎಷ್ಟೋ ಸರ್ವಿಸ್ ಸೆಂಟರುಗಳು ಮುಟ್ಟುವುದೇ ಇಲ್ಲ.