ಸುಡುಗಾಡಿಗೆ ಮರಳಿ ಬರುವವರು

ಸುಡುಗಾಡು, ಹೆಣ ಬಿದ್ದ ರಣರಂಗ, ಅಲ್ಲಿ ಕುಣಿಯುವ ಮರುಳು, ಭೂತ, ಬೇತಾಳಗಳು ಪ್ರಾಚೀನ ಕನ್ನಡ ಕಾವ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಇವನ್ನು ಬೀಭತ್ಸ, ಭಯಾನಕ ರಸಗಳ ಪೋಷಣೆಗಾಗಿ ಸೇರಿಸಿದ ವರ್ಣನೆಗಳೆಂದು ಬಗೆದು ಮುಂದೆ ಸಾಗುವುದು ವಾಡಿಕೆ. ಆದರೆ ‘ವಡ್ಡಾರಾಧನೆ’, ರನ್ನನ ‘ಗದಾಯುದ್ಧ’ ಮತ್ತು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಗಳನ್ನು ಜೊತೆಗಿಟ್ಟು ಓದಿದಾಗ ಬೇರೊಂದು ಸಂಗತಿ ಹೊಳೆಯುತ್ತದೆ. ಸತ್ತವರ ನೆಲದಲ್ಲಿ ಇಲ್ಲಿನ ನಾಯಕರನ್ನು ಕಾಡುವುದು ಅವರವರೇ ಹಿಂದೆ ಆಡಿದ ಮಾತು, ಮಾಡಿದ ಕೃತ್ಯ.

‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಸುಕುಮಾರಸ್ವಾಮಿಯ ಕಥೆ ಮೊದಲನೆಯದು. ಸಾಸಿವೆಯ ಕಾಳು ಒತ್ತಿದರೂ ನೋಯುವ ಮೈ ಸುಕುಮಾರನದು. ಅಂಥವನು ವೈರಾಗ್ಯ ತಳೆದು ಬರಿಗಾಲಲ್ಲಿ ಉಜ್ಜಯಿನಿಯ ಶ್ಮಶಾನಕ್ಕೆ ನಡೆಯುತ್ತಾನೆ. ಅವನ ಅಡಿಗಳಿಂದ ಒಸರಿದ ನೆತ್ತರ ಜಾಡು ಹಿಡಿದು ನರಿಯೊಂದು ಮರಿಗಳೊಡನೆ ಬರುತ್ತದೆ. ಅದು ಹಿಂದಿನ ಭವವೊಂದರಲ್ಲಿ ಅವನ ಅತ್ತಿಗೆಯಾಗಿದ್ದವಳು. ಬುದ್ಧಿ ಹೇಳಿದ ಆಕೆಯನ್ನು ಅವನು ಒದ್ದಿದ್ದ. ಆ ಕಾಲನ್ನೇ ತಿನ್ನುವೆನೆಂದು ಆಕೆ ಮನಸ್ಸಿನಲ್ಲಿ ನಿಶ್ಚಯಿಸಿದ್ದಳು. ಕಥೆಗಾರ ಇಲ್ಲಿ ದೆವ್ವದ ಆಸರೆ ಪಡೆಯುವುದಿಲ್ಲ. ಹಲವು ಜನ್ಮಗಳ ಆಚೆಯ ಅವಮಾನವೇ ಹಸಿದ ಪ್ರಾಣಿಯ ರೂಪದಲ್ಲಿ ಬಂದು ನಿಲ್ಲುತ್ತದೆ.

ರನ್ನನಲ್ಲಿ ಪಿಶಾಚಿಗಳೇ ಇವೆ. ಭೀಷ್ಮನನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ಎಡವುತ್ತ ನಡೆದ ದುರ್ಯೋಧನನನ್ನು ರಣರಂಗದ ಮರುಳುಗಳು ನಕ್ಕು ಹಂಗಿಸುತ್ತವೆ. ‘ಮರುಳ್’ ಎಂಬ ಶಬ್ದಕ್ಕೆ ಪಿಶಾಚಿ, ಬುದ್ಧಿಗೆಟ್ಟವ ಎಂಬ ಎರಡೂ ಅರ್ಥಗಳುಂಟು. ಹೀಗಾಗಿ ನಿಜವಾದ ಮರುಳು ಯಾರೆಂಬ ಪ್ರಶ್ನೆ ಆ ನಗೆಯಲ್ಲೇ ಅಡಗಿದೆ. ಹಿರಿಯರು ಹೇಳಿದ ಸಂಧಿಯನ್ನು ತಿರಸ್ಕರಿಸಿದ ಅರಸನಿಗೆ, ಆಸ್ಥಾನದಲ್ಲಿ ಯಾರೂ ಆಡಲಾರದ ಮಾತನ್ನು ಹೆಣ ತಿನ್ನುವ ಜೀವಿಗಳು ಆಡಿಬಿಡುತ್ತವೆ.

ಈ ವಿಚಾರ ಅತ್ಯಂತ ಜಟಿಲವಾಗುವುದು ರಾಘವಾಂಕನಲ್ಲಿ. ಕಾಶಿಯ ಸುಡುಗಾಡನ್ನು ಕಾಯುವ ಹರಿಶ್ಚಂದ್ರನ ಪ್ರಸಂಗವನ್ನು ಸಾಮಾನ್ಯವಾಗಿ ಸತ್ಯಪರೀಕ್ಷೆಯ ತುತ್ತತುದಿ ಎಂದು ಓದಲಾಗುತ್ತದೆ. ಹಾವು ಕಚ್ಚಿ ಸತ್ತ ಮಗನನ್ನು ಚಂದ್ರಮತಿ ಇರುಳಿನಲ್ಲಿ ಹೊತ್ತು ತಂದಾಗ, ಹೆಂಡತಿ ಮಕ್ಕಳ ಗುರುತು ಸಿಕ್ಕ ಮೇಲೂ ಅವನು ಒಡೆಯನಿಗೆ ಸಲ್ಲಬೇಕಾದ ಸುಡುಗಾಡಿನ ತೆರಿಗೆಯನ್ನು ಬಿಡುವುದಿಲ್ಲ. ಈ ದೃಶ್ಯದ ಭೀತಿ ಯಾವ ಭೂತದಿಂದಲೂ ಹುಟ್ಟಿದ್ದಲ್ಲ. ತಂದೆಯೇ ಮಗನ ಚಿತೆಗೆ ಅಡ್ಡ ನಿಂತಿದ್ದಾನೆ.

ಆದರೆ ಈ ಸುಡುಗಾಡಿನ ಒಡೆಯ ವೀರಬಾಹು ಎಂಬ ಚಂಡಾಲ. ಇದಕ್ಕೂ ಮೊದಲು, ವಿಶ್ವಾಮಿತ್ರನು ಕಳುಹಿಸಿದ ಅನಾಮಿಕ ಕನ್ನೆಯರು ತಮ್ಮನ್ನು ವರಿಸೆಂದು ಬೇಡಿದಾಗ, ಇದೇ ಹರಿಶ್ಚಂದ್ರ ಹುಟ್ಟಿನ ಕಾರಣ ಹೇಳಿ ನಿರಾಕರಿಸಿದ್ದ. ತಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ಕಂಡ ಕಣ್ಣಿಗೆ ತಾಕದ ಹೊಲೆ, ಮುಟ್ಟುವ ಮೈಗೆ ಮಾತ್ರ ಹೇಗೆ ತಾಕೀತೆಂದು ಆ ಕನ್ನೆಯರು ವಾದಿಸಿದ್ದರು. ಅರಸನಲ್ಲಿ ಅದಕ್ಕೆ ತಕ್ಕ ಉತ್ತರವಿರಲಿಲ್ಲ, ಕುಲದ ಬಲವಿತ್ತು. ಮುಂದೆ ಅದೇ ಕುಲವಿಲ್ಲದವನ ಆಳಾಗಿ, ಅವನು ಕೊಟ್ಟ ಕೂಳುಂಡು, ಅವನ ಹೆಸರಿನಲ್ಲಿ ಹೆಣಗಳಿಂದ ತೆರಿಗೆ ಎತ್ತುತ್ತಾನೆ. ತಳ್ಳಿಹಾಕಿದ ಪ್ರಶ್ನೆ ಒಡೆತನದ ರೂಪದಲ್ಲಿ ಹಿಂತಿರುಗಿದೆ.

 ಈ ಎರಡು ಪ್ರಸಂಗಗಳೂ ವಿಶ್ವಾಮಿತ್ರನ ಒಂದೇ ಹೂಟದ ಭಾಗಗಳು. ಕಾವ್ಯದ ಬಲವೂ ಮಿತಿಯೂ ಇಲ್ಲೇ ಇವೆ. ಕೊನೆಯಲ್ಲಿ ಶಿವ ಪ್ರತ್ಯಕ್ಷನಾಗುತ್ತಾನೆ, ಲೋಹಿತಾಶ್ವ ಬದುಕುತ್ತಾನೆ, ಅರಸನಿಗೆ ಅರಸುತನ ಮರಳುತ್ತದೆ. ಕನ್ನೆಯರ ವಾದಕ್ಕೆ ಮಾತ್ರ ಅಲ್ಲಿಯೂ ಉತ್ತರ ದೊರೆಯುವುದಿಲ್ಲ. ಸುಕುಮಾರನ ಸಾಲ ಅವನ ದೇಹದೊಂದಿಗೆ ತೀರಿತು. ದುರ್ಯೋಧನನದು ಗದೆಯ ಹೊಡೆತದೊಂದಿಗೆ. ಹರಿಶ್ಚಂದ್ರನ ಸಾಲವನ್ನು ದೈವವೇ ಮನ್ನಾ ಮಾಡಿದಂತಿದೆ. ಆದ್ದರಿಂದಲೇ ಮಂಗಳದಲ್ಲಿ ಮುಗಿದರೂ ಈ ಕಾವ್ಯ ಓದುಗನನ್ನು ಬಿಡದೆ ಕಾಡುತ್ತದೆ.